ಬಿದ್ರಿ ಪೆಟ್ಟಿಗೆಗೆ ಯಾವ ಲ್ಯಾಮಿನೇಶನ್? ಬೀದರಿನ ಒಂದು ಅಂಗಡಿಯ ಪ್ರಕರಣ

ಪ್ರಿಂಟಿಂಗ್ ಕೆಲಸದಲ್ಲಿ ಲ್ಯಾಮಿನೇಶನ್, ಅಂದರೆ ಪ್ರಿಂಟಾದ ಕಾಗದದ ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್ ಅಂಟಿಸೋ ಪ್ರಶ್ನೆ ಯಾವಾಗಲೂ ಕೊನೆಗೆ ಬರುತ್ತದೆ. ಡಿಸೈನ್ ಮುಗಿದಿರುತ್ತದೆ, ಅಚ್ಚಿನ ಪ್ಲೇಟು ಆಗಿರುತ್ತದೆ, ಪ್ರೆಸ್ಸಿನವರು ಫೋನಿನಲ್ಲಿ "ಮ್ಯಾಟ್ ಹಾಕ್ಲೋ ಗ್ಲಾಸಿ ಹಾಕ್ಲೋ?" ಅಂತ, ಅಂದರೆ ಹೊಳಪಿಲ್ಲದ್ದೋ ಹೊಳೆಯುವುದೋ ಅಂತ ಕೇಳುತ್ತಾರೆ. ಗಿರಾಕಿ ಅರ್ಧ ನಿಮಿಷ ಯೋಚಿಸಿ "ಮ್ಯಾಟ್ ಹಾಕಿಬಿಡ್ರಿ, ರಿಚ್ ಕಾಣ್ತದ" ಅಂತಾರೆ. ಮುಗೀತು. ಹತ್ತರಲ್ಲಿ ಎಂಟು ಕೆಲಸಕ್ಕೆ ಇಷ್ಟೇ ಸಾಕು, ಏನೂ ತೊಂದರೆ ಆಗುವುದಿಲ್ಲ. ಉಳಿದ ಎರಡರಲ್ಲಿ ಈ ಬಿದ್ರಿ ಪೆಟ್ಟಿಗೆಯೂ ಒಂದು.

ನಾನು ಕಲಬುರಗಿಯಲ್ಲಿ ಪ್ರಿಂಟಿಂಗ್ ಕೆಲಸ ಹಿಡಿದು ಮಾಡಿಸಿಕೊಡುವವನು. ಗಿರಾಕಿ, ಡಿಸೈನರ್, ಪ್ರೆಸ್, ಲ್ಯಾಮಿನೇಶನ್‌ನವರು, ಡಬ್ಬಿ ಮಾಡುವವರು, ಇವರೆಲ್ಲರ ನಡುವೆ ಓಡಾಡೋದೇ ನನ್ನ ಕಸುಬು. ಈ ಪ್ರಕರಣದ ಗಿರಾಕಿ ಬೀದರಿನ ಒಂದು ಬಿದ್ರಿ ಅಂಗಡಿ. ಹೆಸರು, ಓಣಿ, ಮನೆತನ ಯಾವುದನ್ನೂ ಬರೆಯುತ್ತಿಲ್ಲ, ಗುರುತು ಹತ್ತಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಿರಿ ಅಂತ ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಹಿನ್ನೆಲೆ

ಅಂಗಡಿ ನಡೆಸೋದು ತಂದೆ ಮತ್ತು ಮಗಳು. ತಂದೆ ಸ್ವತಃ ಕುಸುರಿ ಮಾಡಿದವರು, ಈಗ ಕಣ್ಣು ಸರಿಯಾಗಿ ಕಾಣದ್ದರಿಂದ ಗಲ್ಲಾದ ಮೇಲೆ ಕೂರುತ್ತಾರೆ. ಮಗಳು ಬೆಂಗಳೂರಿನಲ್ಲಿ ಓದಿ ಬಂದವರು, ಆನ್‌ಲೈನ್ ಮಾರಾಟ ಮತ್ತು ಕಂಪನಿಗಳ ಗಿಫ್ಟ್ ಆರ್ಡರ್ ನೋಡಿಕೊಳ್ಳುತ್ತಾರೆ. ಬಿದ್ರಿಗೆ 2006ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಮಾಲು ಅನ್ನೋ ಭೌಗೋಳಿಕ ಗುರುತು ಸಿಕ್ಕಿತ್ತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆಮೇಲೆ ಹೊರಗಿನ ಊರಿನವರು ಫೋನ್ ಮಾಡಿ ಕೇಳೋದು ಜಾಸ್ತಿಯಾಯಿತು ಅಂತ ಮಗಳು ಹೇಳುತ್ತಿದ್ದರು. ಅಲ್ಲಿಯವರೆಗೆ ಇವರು ಮಾಲನ್ನು ಹಳೇ ಉರ್ದು ಪೇಪರಿನಲ್ಲಿ ಸುತ್ತಿ, ಖಾಕಿ ಡಬ್ಬಿಯಲ್ಲಿ ಹಾಕಿ, ಸುತಳಿ ಕಟ್ಟಿ ಕೊಡುತ್ತಿದ್ದರು. ಸಾವಿರಾರು ರೂಪಾಯಿಯ ಹೂಜಿಯನ್ನು ಹೀಗೆ ಕೊಟ್ಟರೆ ಗಿಫ್ಟ್ ಅನ್ನಿಸುವುದಿಲ್ಲ ಅಲ್ವಾ? ಅದಕ್ಕೇ ಒಂದು ಒಳ್ಳೆ ಪೆಟ್ಟಿಗೆ ಬೇಕು ಅಂತ ಬಂದರು.

ಬಿದ್ರಿ ಗೊತ್ತಿಲ್ಲದವರಿಗೆ ಎರಡು ಮಾತು, ಯಾಕೆಂದರೆ ಪೆಟ್ಟಿಗೆಯ ಕಥೆಗೆ ಇದು ಬೇಕೇ ಬೇಕು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿ ತಂತಿ ಅಥವಾ ತಗಡು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಅನ್ನೋ ಲವಣ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಸವರಿ ಉಜ್ಜಿದರೆ ಕಪ್ಪು ಇನ್ನೂ ಆಳವಾಗುತ್ತದೆ. ಹೊಳಪಿಲ್ಲದ ಕಪ್ಪು, ಅದರ ಮೇಲೆ ಹೊಳೆಯುವ ಬೆಳ್ಳಿ, ಇಷ್ಟೇ ಆಟ. ಆ ಎಣ್ಣೆಯನ್ನು ಮರೆಯಬೇಡಿ, ಮುಂದೆ ಅದೇ ಬರುತ್ತದೆ.

ಡಿಸೈನ್ ಮಾಡಿದ್ದು ಹೈದರಾಬಾದಿನ ಒಬ್ಬ ಡಿಸೈನರ್. ಒಳ್ಳೆ ಕೈ. ಕಪ್ಪಾ ಬೋರ್ಡ್ ಅನ್ನೋ ದಪ್ಪ ಗಟ್ಟಿ ರಟ್ಟಿನ ಪೆಟ್ಟಿಗೆ, ಮುಚ್ಚಳ ಬೇರೆ ತಳ ಬೇರೆ. ಮೇಲೆ ಸುತ್ತೋಕೆ 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ನುಣುಪಾದ ಆರ್ಟ್ ಪೇಪರ್, ಪೂರ್ತಿ ಕಪ್ಪು ಪ್ರಿಂಟ್. ಅದರ ಮೇಲೆ ಮ್ಯಾಟ್ ಲ್ಯಾಮಿನೇಶನ್, ಮುಚ್ಚಳದ ನಡುವೆ ಬೆಳ್ಳಿ ಫಾಯಿಲಿನಲ್ಲಿ (ಒತ್ತಿ ಕೂರಿಸುವ ಹೊಳೆಯುವ ತೆಳು ಹಾಳೆ) ಒಂದು ಅಶರ್ಫಿ ಕಿ ಬೂಟಿ, ಬಿದ್ರಿಯ ಹಳೇ ಹೂವಿನ ಚಿತ್ತಾರ. ಒಳಗೆ ಒಂದು ಕಾರ್ಡು: ಮುಂದೆ ಬಿದ್ರಿ ಹೇಗೆ ತಯಾರಾಗುತ್ತದೆ ಅನ್ನೋ ವಿವರ, ಹಿಂದೆ ಕುಶಲಕರ್ಮಿಯ ಹೆಸರು, ತಾರೀಕು, ಸಹಿ ಬರೆಯೋಕೆ ಜಾಗ. ಕಾರ್ಡಿಗೂ ಎರಡೂ ಕಡೆ ಮ್ಯಾಟ್. ಕಾಗದದ ಮೇಲೆ ಇದಕ್ಕಿಂತ ಸರಿಯಾದ ಆಯ್ಕೆ ಇರಲಿಲ್ಲ. ಬಿದ್ರಿ ಹೇಗಿದೆಯೋ ಪೆಟ್ಟಿಗೆಯೂ ಹಾಗೇ.

ಮೊದಲ ಲಾಟ್

ಸ್ಯಾಂಪಲ್ ನೋಡಿದಾಗ ಎಲ್ಲರಿಗೂ ಇಷ್ಟವಾಯಿತು, ನನಗೂ. ಟೇಬಲ್ ಮೇಲೆ ಇಟ್ಟರೆ ಬೆಳಕನ್ನು ನುಂಗುವ ಕಪ್ಪು, ಫಾಯಿಲ್ ಮಾತ್ರ ಮಿಂಚುತ್ತಿತ್ತು. ಆರ್ಡರ್ ಹೋಯಿತು, ಪೆಟ್ಟಿಗೆ ತಯಾರಾದವು, ದೊಡ್ಡ ರಟ್ಟಿನ ಡಬ್ಬಿಗಳಲ್ಲಿ ಒಂದಕ್ಕೊಂದು ಒತ್ತಿ ಜೋಡಿಸಿ ಬಸ್ ಪಾರ್ಸೆಲ್‌ನಲ್ಲಿ ಕಲಬುರಗಿಯಿಂದ ಬೀದರಿಗೆ ಹೋದವು. ಕಮಲಾಪುರ, ಹುಮನಾಬಾದ್ ದಾಟಿ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅಷ್ಟು ದೂರ ಪೆಟ್ಟಿಗೆಗಳು ಒಂದನ್ನೊಂದು ಉಜ್ಜುತ್ತಾ ಹೋದವು.

ಬೀದರಿನಲ್ಲಿ ಬಿಚ್ಚಿದಾಗ ಮೂಲೆಗಳ ಹತ್ತಿರ, ಮುಚ್ಚಳದ ಅಂಚಿನಲ್ಲಿ ಹೊಳೆಯುವ ಗೆರೆಗಳು, ತೇಪೆಗಳು. ಗೀಚಿದ್ದಲ್ಲ, ಹರಿದದ್ದೂ ಅಲ್ಲ. ಮ್ಯಾಟ್ ಫಿಲ್ಮ್ ಮ್ಯಾಟ್ ಆಗಿ ಕಾಣೋದು ಅದರ ಮೈ ಕಣ್ಣಿಗೆ ಕಾಣದಷ್ಟು ಒರಟಾಗಿರೋದರಿಂದ. ಬಿದ್ದ ಬೆಳಕು ಒಂದೇ ಕಡೆ ಹೊರಡದೆ ಎಲ್ಲಾ ಕಡೆ ಚದುರುತ್ತದೆ. ಉಜ್ಜಿದ ಜಾಗದಲ್ಲಿ ಆ ಒರಟು ಸವೆದು ನುಣುಪಾಗುತ್ತದೆ, ಅಲ್ಲಿ ಬೆಳಕು ನೇರ ಹೊಡೆದು ಹೊಳೆಯುತ್ತದೆ. ಬಿಳಿ ಅಥವಾ ತಿಳಿ ಬಣ್ಣದ ಮೇಲೆ ಇದು ಆದರೂ ಯಾರಿಗೂ ಕಾಣುವುದಿಲ್ಲ. ದೊಡ್ಡ ಕಪ್ಪು ಸಾಲಿಡ್, ಅಂದರೆ ಒಂದೇ ಬಣ್ಣ ಪೂರ್ತಿ ತುಂಬಿದ ಜಾಗದ ಮೇಲೆ ಮಾತ್ರ ಊರಿಗೆಲ್ಲಾ ಕಾಣುತ್ತದೆ.

ಅದನ್ನಾದರೂ ಪ್ಯಾಕಿಂಗ್ ಸರಿ ಮಾಡಿ ತಪ್ಪಿಸಬಹುದಿತ್ತು. ದೊಡ್ಡ ಸಮಸ್ಯೆ ಅಂಗಡಿಯಲ್ಲೇ ಕಾದಿತ್ತು. ಗಿರಾಕಿ ಒಂದು ಹೂದಾನಿ ಇಷ್ಟಪಟ್ಟ ಕೂಡಲೇ ತಂದೆ ಏನು ಮಾಡುತ್ತಾರೆ ಅಂದರೆ, ಬಟ್ಟೆಯ ತುದಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಗಿರಾಕಿಯ ಎದುರಿಗೇ ಉಜ್ಜಿ ತೋರಿಸುತ್ತಾರೆ. ಕಪ್ಪು ಎದ್ದು ಬರುತ್ತದೆ, ಬೆಳ್ಳಿ ಝಗ್ ಅನ್ನುತ್ತದೆ, ಗಿರಾಕಿ ದುಡ್ಡು ತೆಗೆಯುತ್ತಾನೆ. ಅದೇ ಕೈಯಿಂದ ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ. ಐದೂ ಬೆರಳು ಪೆಟ್ಟಿಗೆ ಮೇಲೆ ಮೂಡುತ್ತವೆ. ಒರೆಸಿದರೆ ಹೋಗುತ್ತದಾ? ಎಣ್ಣೆ ಸ್ವಲ್ಪ ಹೋಗುತ್ತದೆ, ಆದರೆ ಒರೆಸಿದ ಜಾಗ ಮತ್ತೆ ಹೊಳೆಯೋಕೆ ಶುರುವಾಗುತ್ತದೆ. ಒರೆಸಿದಷ್ಟೂ ಕೆಡುತ್ತದೆ.

ಇನ್ನು ಕಾರ್ಡು. ಬಾಲ್ ಪೆನ್ ಜಾರಿತು, ಜೆಲ್ ಪೆನ್ನಿನ ಇಂಕು ಒಣಗಲಿಲ್ಲ. ಅಂಗಡಿಯ ರಬ್ಬರ್ ಸ್ಟ್ಯಾಂಪ್ ಹೊಡೆದರೆ ಅದು ಹಾಗೇ ಹಸಿಯಾಗಿ ನಿಂತು, ಬೆರಳು ತಾಗಿದ ಕೂಡಲೇ ಬಳಿದುಹೋಯಿತು. ಪ್ಲಾಸ್ಟಿಕ್ ಮೇಲೆ ಇಂಕು ಎಲ್ಲಿ ಇಂಗಬೇಕು?

ಮೂಲೆಗಳಲ್ಲಿ ಇನ್ನೊಂದು ಕಿರಿಕಿರಿ. ಕಾಗದ ಮಡಚಿ ಅಂಟಿಸಿದ ಚೂಪು ಮೂಲೆಯಲ್ಲಿ ಏಟು ಬಿದ್ದರೆ ಇಂಕಿನ ಪದರ ಬಿಟ್ಟು ಒಳಗಿನ ಬಿಳಿ ಕಾಗದ ಇಣುಕುತ್ತಿತ್ತು. ತಂದೆ ಒಂದು ಪೆಟ್ಟಿಗೆ ತಿರುಗಿಸಿ ತಿರುಗಿಸಿ ನೋಡಿ ಅಂದರು: "ಒಳಗಿನ ಮಾಲು ಐವತ್ತು ವರ್ಷ ಆದ್ರೂ ಹೊಸದ ಕಾಣ್ತದ. ಪೆಟ್ಟಿಗಿ ಎರಡ ದಿನಕ್ಕ ಹಳೇದಾತಲ್ರಿ."

ಡಿಸೈನರ್ ವಾದ ಏನಂದರೆ, ಪ್ಯಾಕಿಂಗ್ ಸರಿಯಿಲ್ಲ, ಕೈ ತೊಳೆದುಕೊಂಡು ಮುಟ್ಟಲಿ. ಕೇಳೋಕೆ ನ್ಯಾಯವೇ. ಆದರೆ ಗಿರಾಕಿ ಎದುರಿಗೆ ಎಣ್ಣೆ ಉಜ್ಜೋದು ಆ ಅಂಗಡಿಯ ವ್ಯಾಪಾರದ ಜೀವ, ಅದನ್ನು ಪೆಟ್ಟಿಗೆಗಾಗಿ ಬಿಡಿ ಅಂತ ಹೇಳೋಕೆ ಆಗುವುದಿಲ್ಲ. ಮಗಳೂ ಅದನ್ನೇ ಹೇಳಿದರು. ಹಾಗಾಗಿ ಮೊದಲ ತೀರ್ಮಾನ ಇಲ್ಲೇ ಆಯಿತು: ಅಪ್ಪನ ಕೈ ಹೇಗಿದೆಯೋ ಹಾಗೇ ಇರುತ್ತದೆ, ಪೆಟ್ಟಿಗೆ ಬದಲಾಗಬೇಕು.

ಏನೇನು ಪರೀಕ್ಷೆ ಮಾಡಿದೆವು

ಸ್ಯಾಂಪಲ್ ಬುಕ್ ನೋಡಿ ಆರಿಸೋದನ್ನು ಬಿಟ್ಟೆವು. ಸ್ಯಾಂಪಲ್ ಬುಕ್ಕಿನಲ್ಲಿ ಎಲ್ಲಾ ಫಿಲ್ಮೂ ಚೆನ್ನಾಗೇ ಕಾಣುತ್ತದೆ, ಮೇಲಾಗಿ ಅಲ್ಲಿರೋದು ಯಾರದೋ ಬಣ್ಣದ ಚಿತ್ರ, ನಮ್ಮ ಕಪ್ಪಲ್ಲ. ನಮ್ಮದೇ ಕಪ್ಪು ಶೀಟುಗಳ ಮೇಲೆ ಬೇರೆ ಬೇರೆ ಫಿಲ್ಮ್ ಹಾಕಿಸಿಕೊಂಡೆವು. ಎರಡು ತುಂಡನ್ನು ಮುಖಕ್ಕೆ ಮುಖ ಇಟ್ಟು, ಮೇಲೆ ಒಂದು ಕಿಲೋ ತೊಗರಿ ಬೇಳೆ ಪಾಕೀಟು ಹೇರಿ, ಹಿಂದೆ ಮುಂದೆ ಎಳೆದೆವು. ಕಲಬುರಗಿಯಲ್ಲಿ ತೂಕಕ್ಕೆ ಇನ್ನೇನು ಸಿಗಬೇಕು! ಇನ್ನೊಂದು ತುಂಡಿಗೆ ಕೊಬ್ಬರಿ ಎಣ್ಣೆಯ ಬೆರಳು ಒತ್ತಿ, ಸಂಜೆಯವರೆಗೆ ಬಿಟ್ಟು, ಒಣ ಬಟ್ಟೆಯಿಂದ ಒರೆಸಿದೆವು. ಮತ್ತೊಂದನ್ನು ಮಡಚಿ ಮೂಲೆ ಮಾಡಿ ಟೇಬಲ್ಲಿಗೆ ಕುಟ್ಟಿದೆವು. ಲ್ಯಾಬ್ ಬೇಕಾಗಿಲ್ಲ, ಪೆಟ್ಟಿಗೆಗೆ ನಿಜವಾಗಿ ಏನಾಗುತ್ತದೋ ಅದನ್ನೇ ಮೊದಲೇ ಮಾಡಿ ನೋಡಿದರೆ ಸಾಕು.

ಗ್ಲಾಸಿ. ಎಣ್ಣೆಗೆ ಇದೇ ಗೆದ್ದಿತು. ಒಂದು ಒರೆಸಿಗೆ ಮಾಯ. ಕಪ್ಪು ಕೂಡ ಗ್ಲಾಸಿ ಕೆಳಗೆ ಹೆಚ್ಚು ಆಳ ಕಾಣುತ್ತದೆ, ಮ್ಯಾಟ್ ಹಾಕಿದರೆ ಅದೇ ಕಪ್ಪು ಸ್ವಲ್ಪ ಬೂದಿಗೆ ತಿರುಗುತ್ತದೆ. ಉಜ್ಜಿದಾಗ ಸಣ್ಣ ಕೂದಲೆಳೆ ಗೀರು ಬಿದ್ದವು, ಆದರೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವಷ್ಟು. ಬೆಲೆಯಲ್ಲೂ ಇದೇ ಕಡಿಮೆ. ನಾನು ಇದಕ್ಕೇ ವಾಲಿದ್ದೆ. ಆದರೆ ಪೆಟ್ಟಿಗೆ ಮಾಡಿ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಇಟ್ಟಾಗ ಮುಚ್ಚಳದ ಮೇಲೆ ಕಂಡದ್ದು ಟ್ಯೂಬ್‌ಲೈಟೇ. ಮಗಳು ಫೋಟೋ ತೆಗೆದರೆ ಅವರ ಮೊಬೈಲು ಪೆಟ್ಟಿಗೆಯಲ್ಲಿ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೊಳೆಯುವ ಕಪ್ಪಿನ ಮೇಲೆ ಹೊಳೆಯುವ ಫಾಯಿಲ್ ಹಾಕಿದರೆ ಫಾಯಿಲ್ ಸತ್ತೇಹೋಯಿತು. ತಂದೆ ಇಲ್ಲಿ ಡಿಸೈನರ್ ಪರ ನಿಂತರು, ನನಗೆ ಆಶ್ಚರ್ಯವಾಯಿತು. "ಕರಿ ಸುಮ್ನ ಕುಂತ್ರ ಬೆಳ್ಳಿ ಮಾತಾಡ್ತದ. ಎರಡೂ ಒದರಿದ್ರ ಏನೂ ಕೇಳಂಗಿಲ್ಲ. ಇದು ಮಿಠಾಯಿ ಡಬ್ಬಿ ಆತು." ಗ್ಲಾಸಿ ಅಲ್ಲಿಗೆ ಬಿತ್ತು.

ವೆಲ್ವೆಟ್, ಅಂದರೆ ಸಾಫ್ಟ್ ಟಚ್. ಕೈಗೆ ಇದರಷ್ಟು ಹಿತ ಇನ್ಯಾವುದೂ ಇಲ್ಲ, ಮುಟ್ಟಿದವರು ಕೆಳಗಿಡಲೇ ಇಲ್ಲ. ಮ್ಯಾಟಿಗಿಂತ ಉಜ್ಜುವಿಕೆಯನ್ನು ಚೆನ್ನಾಗಿ ತಡೆಯಿತು. ಆದರೆ ಎಣ್ಣೆಯ ಬೆರಳು ಮಬ್ಬಾಗಿ ಕೂತೇ ಬಿಟ್ಟಿತು. ರೇಟೂ ಮ್ಯಾಟ್, ಗ್ಲಾಸಿಗಿಂತ ಜಾಸ್ತಿ. ಮತ್ತೆ, ಇದು ಮುಟ್ಟಿ ಅನ್ನೋ ಫಿನಿಶ್. ಎಲ್ಲರೂ ಮುಟ್ಟುತ್ತಾರೆ. ಎಣ್ಣೆ ಕೈಯ ಅಂಗಡಿಯಲ್ಲಿ ಮುಟ್ಟೋಕೆ ಕರೆಯುವ ಪೆಟ್ಟಿಗೆ ಇಟ್ಟರೆ ಏನಾಗಬಹುದು ಯೋಚಿಸಿ.

ಆ್ಯಂಟಿ ಸ್ಕಫ್ ಮ್ಯಾಟ್. ಕೆಲವರು ಸ್ಕ್ರ್ಯಾಚ್ ಫ್ರೀ ಮ್ಯಾಟ್ ಅನ್ನುತ್ತಾರೆ. ನೋಡೋಕೆ ಮಾಮೂಲಿ ಮ್ಯಾಟ್ ಥರಾನೇ, ಮೇಲಿನ ಪದರ ಗಟ್ಟಿ. ಬೇಳೆ ಪಾಕೀಟಿನ ಪರೀಕ್ಷೆಯಲ್ಲಿ ಮಾಮೂಲಿ ಮ್ಯಾಟ್ ಕೆಲವೇ ಎಳೆತಕ್ಕೆ ಹೊಳೆಯೋಕೆ ಶುರುವಾದರೆ, ಇದು ಬಹಳ ಹೊತ್ತು ತಡೆಯಿತು. ಎಣ್ಣೆ ಕಲೆ ಕೂತಿತು, ಆದರೆ ಒರೆಸಿದರೆ ಹೆಚ್ಚುಕಡಿಮೆ ಹೋಯಿತು, ಮುಖ್ಯವಾಗಿ ಒರೆಸಿದ ಜಾಗ ಹೊಳೆಯಲಿಲ್ಲ. ಕಲಬುರಗಿಯಲ್ಲಿ ನಾನು ಕೆಲಸ ಕೊಡುವ ಲ್ಯಾಮಿನೇಶನ್‌ನವರ ಹತ್ತಿರ ಈ ಫಿಲ್ಮ್ ಇರಲಿಲ್ಲ. ತರಿಸಿದರೆ ಪೂರ್ತಿ ರೋಲ್ ನೀವೇ ತಗೋಬೇಕು ಅಂದರು.

ಇಷ್ಟಾದ ಮೇಲೆ ಡಿಸೈನರ್ ಒಂದು ಹೊಸ ದಾರಿ ತಂದರು: ಲ್ಯಾಮಿನೇಶನ್ನೇ ಬೇಡ. ಒಳಗೂ ಹೊರಗೂ ಕಪ್ಪಾಗಿರುವ, ತಿರುಳಿಗೇ ಬಣ್ಣ ಹಾಕಿದ ಕಾಗದ ಸಿಗುತ್ತದೆ. ಅದನ್ನು ಸುತ್ತಿ, ಮೇಲೆ ಬರೀ ಫಾಯಿಲ್ ಒತ್ತಿದರೆ ಪ್ರಿಂಟೂ ಬೇಡ, ಫಿಲ್ಮೂ ಬೇಡ. ಮೂಲೆ ಸವೆದರೂ ಒಳಗೆ ಕಪ್ಪೇ. ನಿಜ ಹೇಳಬೇಕೆಂದರೆ ಎಲ್ಲಾ ಸ್ಯಾಂಪಲ್ಲುಗಳಲ್ಲಿ ಅತಿ ಚೆಂದ ಕಂಡದ್ದು ಇದೇ. ಮಗಳು ಇದೇ ಇರಲಿ ಅಂತ ಒಪ್ಪಿಯೂ ಆಗಿತ್ತು. ಆಗ ತಂದೆ ಏನೂ ಮಾತಾಡದೆ ಎಣ್ಣೆ ಬಟ್ಟೆ ಹಿಡಿದಿದ್ದ ಕೈಯಿಂದ ಆ ಮುಚ್ಚಳ ಎತ್ತಿ ಮತ್ತೆ ಕೆಳಗಿಟ್ಟರು. ಎಣ್ಣೆ ಕಾಗದದೊಳಗೆ ಇಂಗಿತು. ಇಂಗಿದ ಎಣ್ಣೆ ಯಾವ ಬಟ್ಟೆಗೂ ಬರುವುದಿಲ್ಲ. ಆ ಚರ್ಚೆ ಮುಗಿಸೋಕೆ ಅಷ್ಟು ಸಾಕಾಯಿತು.

ತಿರುವು

ಇಲ್ಲಿಯವರೆಗೆ ನಾವೆಲ್ಲ ಒಂದೇ ಡಿಸೈನಿಗೆ ಬೇರೆ ಬೇರೆ ಫಿಲ್ಮ್ ಹುಡುಕುತ್ತಿದ್ದೆವು. ಡಿಸೈನ್ ಮುಟ್ಟಬಾರದು, ಫಿಲ್ಮ್ ಮಾತ್ರ ಬದಲಿಸಬೇಕು ಅಂತ ಯಾರೂ ಹೇಳಿರಲಿಲ್ಲ, ಆದರೂ ಹಾಗೇ ನಡೆದಿತ್ತು. ಮಗಳು ಒಂದು ದಿನ ಹಳೇ ಕಾಲದ ಒಂದು ತಟ್ಟೆ ತಂದಿಟ್ಟರು. ಮೇಲೆಲ್ಲಾ ಫೂಲ್ ಜಾಲಿ, ಸಂದು ಬಿಡದ ಹಾಗೆ ಹೂಬಳ್ಳಿ. "ಇದರಲ್ಲಿ ಗೀರು ಎಲ್ಲಿದೆ ಹುಡುಕಿ" ಅಂದರು. ಗೀರು ಇದ್ದವು, ಬೇಕಾದಷ್ಟು. ಚಿತ್ತಾರದಲ್ಲಿ ಕಳೆದುಹೋಗಿದ್ದವು. ಪಕ್ಕದಲ್ಲೇ ನಡುವೆ ಒಂದೇ ಬೂಟಿ ಇದ್ದ ಸಾದಾ ತಟ್ಟೆಯಲ್ಲಿ ಅದಕ್ಕಿಂತ ಕಡಿಮೆ ಗೀರು, ಆದರೆ ಎಲ್ಲಾ ಕಾಣುತ್ತಿದ್ದವು.

ನಮ್ಮ ಪೆಟ್ಟಿಗೆಯ ಸಮಸ್ಯೆ ಫಿಲ್ಮಿನದು ಅರ್ಧ, ಬಟಾಬಯಲಾದ ಕಪ್ಪಿನದು ಇನ್ನರ್ಧ. ಡಿಸೈನರ್ ಇದನ್ನು ಬೇಗ ಹಿಡಿದರು, ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಮುಚ್ಚಳದ ಮೇಲೆ ಮತ್ತು ಬದಿಗಳ ಮೇಲೆ ಫೂಲ್ ಜಾಲಿಯನ್ನು ಕಪ್ಪಿಗಿಂತ ಸ್ವಲ್ಪವೇ ತಿಳಿಯಾದ ಬೂದು ಬಣ್ಣದಲ್ಲಿ ಹರಡಿದರು. ದೂರದಿಂದ ಕಪ್ಪೇ, ಹತ್ತಿರ ಬಂದರೆ ಬಳ್ಳಿ ಕಾಣುತ್ತದೆ. ಫಾಯಿಲಿನ ಬೂಟಿ ನಡುವೆ ಹಾಗೇ ಉಳಿಯಿತು. ಕೈಯಲ್ಲಿ ಹೆಚ್ಚು ಹಿಡಿಯೋದು ತಳದ ಭಾಗವನ್ನು, ಅದಕ್ಕೆ ಕಪ್ಪು ಬಿಟ್ಟು ಮಣ್ಣಿನ ಕೆಂಗಂದು ಬಣ್ಣ ಕೊಟ್ಟರು. ಕೋಟೆ ಮಣ್ಣಿನ ನೆನಪಿಗೆ ಅಂತ ಅವರು ವಿವರಣೆ ಕೊಟ್ಟರು, ಗಿರಾಕಿಗಳಿಗೆ ಹೇಳೋಕೂ ಆಯಿತು. ನನಗೆ ಬೇಕಿದ್ದದ್ದು ಇಷ್ಟೇ, ಆ ಬಣ್ಣದ ಮೇಲೆ ಬೆರಳಿನ ಗುರುತು ಅಷ್ಟಾಗಿ ಕಾಣುವುದಿಲ್ಲ.

ಮೇಲೆ ಆ್ಯಂಟಿ ಸ್ಕಫ್ ಮ್ಯಾಟ್. ರೋಲಿನ ಕಾರಣಕ್ಕೆ ಪ್ರಿಂಟ್ ಮತ್ತು ಲ್ಯಾಮಿನೇಶನ್ ಎರಡನ್ನೂ ಹೈದರಾಬಾದಿನಲ್ಲಿ ಮಾಡಿಸಿದೆವು. ಅಲ್ಲಿ ಈ ಫಿಲ್ಮ್ ದಿನಾ ಓಡುತ್ತದೆ, ನಮಗೆ ಬೇಕಾದಷ್ಟೇ ಹಾಕಿಸಬಹುದು, ಬೀದರಿನಿಂದ ಅದೂ ತೀರಾ ದೂರವಲ್ಲ. ಕಲಬುರಗಿಯ ಕೆಲಸ ಕೈಬಿಟ್ಟದ್ದಕ್ಕೆ ನಮ್ಮ ಲ್ಯಾಮಿನೇಶನ್‌ನವರು ಸ್ವಲ್ಪ ಬೇಜಾರಾದರು, ಲೆಕ್ಕ ಹೇಳಿದ ಮೇಲೆ ಒಪ್ಪಿಕೊಂಡರು.

ಎರಡನೇ ಲಾಟಿನಲ್ಲಿ ಆದದ್ದು

ಸಲೀಸಾಗಿ ಆಗಲಿಲ್ಲ. ಮೊದಲ ಶೀಟುಗಳು ಬಂದಾಗ ಕಪ್ಪಿನ ಮೇಲೆ ಧೂಳು ಕೂತ ಹಾಗೆ ಬೆಳ್ಳಗಿನ ಮಬ್ಬು. ಒರೆಸಿದರೆ ಹೋಗಲ್ಲ, ಫಿಲ್ಮಿನ ಕೆಳಗಿದೆ. ಪ್ರೆಸ್ಸಿನವರು ಇದಕ್ಕೆ ಸಿಲ್ವರಿಂಗ್ ಅನ್ನುತ್ತಾರೆ. ಬೆಳ್ಳಿ ಬೇಕಾದದ್ದು ಬೂಟಿಯಲ್ಲಿ, ಬಂದದ್ದು ಇಲ್ಲಿ!

ಕಾರಣ ಹೀಗೆ. ಆಫ್‌ಸೆಟ್ ಪ್ರಿಂಟಿಂಗ್‌ನಲ್ಲಿ, ಅಂದರೆ ಪ್ಲೇಟಿನಿಂದ ಅಚ್ಚು ಹಾಕುವಾಗ, ಶೀಟುಗಳು ಒಂದಕ್ಕೊಂದು ಅಂಟದಿರಲಿ ಅಂತ ಸಣ್ಣ ಪೌಡರ್ ಸಿಂಪಡಿಸುತ್ತಾರೆ. ಇಂಕು ಜಾಸ್ತಿ ಇದ್ದಷ್ಟೂ ಪೌಡರ್ ಜಾಸ್ತಿ. ಥರ್ಮಲ್ ಫಿಲ್ಮಿನ ಹಿಂದೆ ಮೊದಲೇ ಬಳಿದ ಅಂಟು ಇರುತ್ತದೆ, ಬಿಸಿ ರೋಲರ್ ಮೇಲೆ ಅದು ಕರಗಿ ಕಾಗದಕ್ಕೆ ಕಚ್ಚಿಕೊಳ್ಳಬೇಕು. ನಡುವೆ ಪೌಡರ್ ಕಣ ಇದ್ದರೆ, ಇಂಕು ಪೂರ್ತಿ ಒಣಗದಿದ್ದರೆ, ರೋಲರಿನ ಶಾಖ ಅಥವಾ ಒತ್ತಡ ಕಡಿಮೆಯಾದರೆ, ಅಲ್ಲಲ್ಲಿ ಗಾಳಿಯ ಚುಕ್ಕೆ ಉಳಿದುಬಿಡುತ್ತದೆ. ಆ ಚುಕ್ಕೆಗಳೇ ಮಬ್ಬಾಗಿ ಕಾಣೋದು. ಬಿಳಿ ಕಾಗದದ ಮೇಲಾದರೆ ಗೊತ್ತೇ ಆಗುವುದಿಲ್ಲ.

ನಮ್ಮ ಕಪ್ಪಿನಲ್ಲಿ ಬರೀ ಕಪ್ಪು ಇಂಕಿರಲಿಲ್ಲ. ಆಳ ಬರಲಿ ಅಂತ ಸಯಾನ್ (ತಿಳಿನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ ಮೂರನ್ನೂ ದಂಡಿಯಾಗಿ ಸೇರಿಸಿದ್ದರು. ಅದನ್ನು ಕಪ್ಪು ನೂರು ಪರ್ಸೆಂಟ್, ಸಯಾನ್ ನಲವತ್ತು ಪರ್ಸೆಂಟಿಗೆ ಇಳಿಸಿದೆವು. ಕಣ್ಣಿಗೆ ವ್ಯತ್ಯಾಸ ತೀರಾ ಕಡಿಮೆ, ಕಾಗದದ ಮೇಲಿನ ಇಂಕು ಮಾತ್ರ ಎಷ್ಟೋ ಹಗುರ. ಪೌಡರ್ ಕಡಿಮೆ ಮಾಡಿಸಿ, ಅವಸರ ಬಿಟ್ಟು ಶೀಟುಗಳನ್ನು ಚೆನ್ನಾಗಿ ಒಣಗೋಕೆ ಬಿಟ್ಟು, ಆಮೇಲೆ ಫಿಲ್ಮ್ ಹಾಕಿಸಿದರು. ಮಬ್ಬು ಹೋಯಿತು. ಇದಕ್ಕಾಗಿ ಆರ್ಡರ್ ತಡವಾಯಿತು, ಒಂದು ಕಂಪನಿಯ ದೀಪಾವಳಿ ಗಿಫ್ಟಿಗೆ ಹಳೇ ಪೆಟ್ಟಿಗೆಯಲ್ಲೇ ಮಾಲು ಕಳಿಸಬೇಕಾಯಿತು.

ಕಾರ್ಡಿನದು ಬೇರೆಯೇ ಕಥೆ. ಬರೆಯೋಕೆ ಆಗಲಿ ಅಂತ ಹಿಂದಿನ ಫಿಲ್ಮ್ ತೆಗೆದು ಮುಂದೆ ಮಾತ್ರ ಹಾಕಿಸಿದೆವು. ಹಾಕಿಸಿದಾಗ ನೆಟ್ಟಗಿತ್ತು. ಮಳೆ ಹಿಡಿದ ಮೇಲೆ ಎಲ್ಲಾ ಕಾರ್ಡೂ ಮುಂದಕ್ಕೆ ಬಗ್ಗಿ ನಿಂತವು. ಕಾಗದ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಫಿಲ್ಮ್ ಹಿಗ್ಗಲ್ಲ. ಒಂದು ಕಡೆ ಮಾತ್ರ ಫಿಲ್ಮ್ ಇದ್ದರೆ ಹಿಗ್ಗಿದ ಬದಿ ಉದ್ದವಾಗಿ, ಕಾರ್ಡು ಫಿಲ್ಮಿನ ಕಡೆಗೆ ಬಾಗುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ, ಬಿಸಿಲು ನಲವತ್ತು ಡಿಗ್ರಿ ದಾಟಿ ಗಾಳಿ ಒಣಗಿದಾಗ, ಕಾಗದ ಕುಗ್ಗಿ ಅದೇ ಕಾರ್ಡು ಹಿಂದಕ್ಕೆ ಬಾಗುತ್ತದೆ. ಅಂದರೆ ಮೇ ತಿಂಗಳಲ್ಲಿ ಒಂದು ಕಡೆ, ಆಗಸ್ಟಿನಲ್ಲಿ ಇನ್ನೊಂದು ಕಡೆ. ಪುಸ್ತಕದ ರಕ್ಷಾಪುಟ ಮಳೆಗಾಲದಲ್ಲಿ ಬಾಯಿ ತೆರೆದು ನಿಲ್ಲೋದು ಇದೇ ಕಾರಣಕ್ಕೆ. ಅದಕ್ಕೆ ನೈಲಾನ್ ಫಿಲ್ಮ್ ಅಂತ ಇದೆ, ಅದು ತೇವವನ್ನು ಸ್ವಲ್ಪ ಒಳಗೆ ಬಿಡುತ್ತದೆ, ಹಾಗಾಗಿ ಕಡಿಮೆ ಬಾಗುತ್ತದೆ. ಒಂದು ಕಾರ್ಡಿಗೆ ಅಷ್ಟೆಲ್ಲ ಬೇಕಾ?

ಬೇಡ ಅಂತ ತೀರ್ಮಾನಿಸಿದೆವು. ಕಾರ್ಡಿಗೆ ಲ್ಯಾಮಿನೇಶನ್ ಪೂರ್ತಿ ತೆಗೆದೆವು. ಸ್ವಲ್ಪ ದಪ್ಪದ, ಕೋಟಿಂಗ್ ಇಲ್ಲದ ಕೆನೆ ಬಣ್ಣದ ಕಾಗದ, ಮೇಲೆ ಸಾದಾ ಪ್ರಿಂಟ್. ಪೆನ್ ಓಡುತ್ತದೆ, ಸ್ಟ್ಯಾಂಪ್ ಕೂರುತ್ತದೆ. ಎಣ್ಣೆ ತಾಗಿದರೆ ಕಲೆ ಆಗುತ್ತದೆ, ಆದರೆ ಕಾರ್ಡು ಬರೆಯೋದು ಮಗಳು, ಎಣ್ಣೆ ಕೈ ಅಪ್ಪನದು. ಖರ್ಚೂ ಕಡಿಮೆಯಾಯಿತು.

ಪ್ಯಾಕಿಂಗ್ ಕೂಡ ಬದಲಾಯಿತು. ಪೆಟ್ಟಿಗೆಗಳು ಬರುವಾಗ ಪ್ರತಿಯೊಂದಕ್ಕೂ ತೆಳುವಾದ ಪ್ಲಾಸ್ಟಿಕ್ ಚೀಲ, ಗಿರಾಕಿಗೆ ಕೊಡುವಾಗ ಮಾತ್ರ ಅದನ್ನು ತೆಗೆಯೋದು. ಮಾಲಿನ ಜೊತೆ ಒಂದು ಸಣ್ಣ ಹತ್ತಿ ಬಟ್ಟೆ ಇಡುತ್ತಾರೆ, ಮನೆಯಲ್ಲಿ ಉಜ್ಜಿಕೊಳ್ಳಿ ಅಂತ. ಎಣ್ಣೆ ಹಚ್ಚಿದ ಹೂದಾನಿಯನ್ನು ಮೊದಲು ಆ ಬಟ್ಟೆಯಲ್ಲಿ ಸುತ್ತಿಯೇ ಒಳಗಿಡೋದರಿಂದ ಕೈಯೂ ತಕ್ಕಮಟ್ಟಿಗೆ ಒರೆಸಿಹೋಗುತ್ತದೆ.

ಈಗ ಏನಾಗಿದೆ

ಹೊಸ ಪೆಟ್ಟಿಗೆಗಳು ಬೆಂಗಳೂರಿನ ಒಂದು ಮೇಳಕ್ಕೆ ಹೋಗಿ, ಮಾರದೇ ಉಳಿದವು ವಾಪಸ್ ಬಂದವು. ಬಂದವನ್ನು ಮತ್ತೆ ಅಂಗಡಿಯಲ್ಲಿ ಇಟ್ಟು ಮಾರಿದ್ದಾರೆ. ಹಳೇ ಪೆಟ್ಟಿಗೆಯಲ್ಲಿ ಇದು ಆಗುತ್ತಲೇ ಇರಲಿಲ್ಲ, ಒಮ್ಮೆ ಹೊರಗೆ ಹೋಗಿ ಬಂದದ್ದು ಹೊರಗಿಡೋಕೆ ಬರುತ್ತಿರಲಿಲ್ಲ. ಮೂಲೆ ಬಿಳಿಯಾಗೋದು ಪೂರ್ತಿ ನಿಂತಿಲ್ಲ. ಅದಕ್ಕೆ ಅಂಗಡಿಯ ಹುಡುಗ ಒಂದು ಕಪ್ಪು ಮಾರ್ಕರ್ ಇಟ್ಟುಕೊಂಡಿದ್ದಾನೆ, ಬಿಳಿ ಇಣುಕಿದಲ್ಲಿ ಒಂದು ಗೆರೆ ಎಳೆಯುತ್ತಾನೆ. ಡಬ್ಬಿ ಮಾಡುವವರು ಕಾಲದಿಂದಲೂ ಮಾಡುತ್ತಿರೋದು ಇದನ್ನೇ.

ಒಂದು ಪೆಟ್ಟಿಗೆಯ ಖರ್ಚು ಮೊದಲಿಗಿಂತ ಸ್ವಲ್ಪ ಹೆಚ್ಚು. ಆದರೆ ಹಾಳಾಗಿ ಎಸೆಯೋದು ತೀರಾ ಕಡಿಮೆಯಾದ್ದರಿಂದ ಒಟ್ಟು ಲೆಕ್ಕದಲ್ಲಿ ನಷ್ಟವಿಲ್ಲ ಅಂತ ಮಗಳು ಹೇಳುತ್ತಾರೆ. ಒಂದು ದೂರು ಮಾತ್ರ ಉಳಿದಿದೆ. ಹೊರದೇಶಕ್ಕೆ ಕಳಿಸುವ ಒಬ್ಬ ಗಿರಾಕಿ, ಪ್ಲಾಸ್ಟಿಕ್ ಫಿಲ್ಮ್ ಹಚ್ಚಿದ ಕಾಗದ ರೀಸೈಕಲ್ ಆಗಲ್ಲವಲ್ಲ ಅಂತ ಕೇಳಿದ್ದಾರೆ. ಮಾತಿನಲ್ಲಿ ಹುರುಳಿದೆ, ಫಿಲ್ಮ್ ಅಂಟಿದ ಕಾಗದವನ್ನು ಬೇರೆ ಮಾಡೋದು ಕಷ್ಟ. ಅವರ ಆರ್ಡರಿಗೆ ಮಾತ್ರ ಆ ತಿರುಳು ಕಪ್ಪಿನ ಕಾಗದ ಬಳಸೋಣ ಅಂತ ಮಾತು ನಡೆದಿದೆ. ಆ ಮಾಲನ್ನು ಪ್ಯಾಕ್ ಮಾಡೋದು ಮಗಳೇ, ಎಣ್ಣೆಯ ಭಯ ಇಲ್ಲ.

ಇದರಿಂದ ನನ್ನ ಕೆಲಸದಲ್ಲಿ ಬದಲಾದದ್ದು

ಈಗ ಗಿರಾಕಿ "ಮ್ಯಾಟೋ ಗ್ಲಾಸಿಯೋ" ಅಂದರೆ ನಾನು ಮೊದಲು ಕೇಳೋದು, ಇದನ್ನು ಯಾರು ಹಿಡಿಯುತ್ತಾರೆ, ಅವರ ಕೈಯಲ್ಲಿ ಆಗ ಏನಿರುತ್ತದೆ ಅಂತ. ಹೋಟೆಲ್ ಮೆನು ಅಂದರೆ ಸಾರು, ಎಣ್ಣೆ, ಒದ್ದೆ ಬಟ್ಟೆ. ಅಲ್ಲಿ ಕಣ್ಣುಮುಚ್ಚಿ ಗ್ಲಾಸಿ, ಫಿಲ್ಮೂ ದಪ್ಪ ಇರಲಿ. ಮದುವೆ ಕಾರ್ಡು ಅಂದರೆ ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಗ್ಲಾಸಿ ಮೇಲೆ ಹಸಿ ಅರಿಶಿನ ನಿಲ್ಲದೆ ಒಣಗಿ ಉದುರುತ್ತದೆ, ಮ್ಯಾಟ್ ಮೇಲೆ ಬೇಡದ ಕಡೆಯೆಲ್ಲಾ ಮೆತ್ತಿಕೊಳ್ಳುತ್ತದೆ. ಹೊರಗಿನ ಕವರಿಗೆ ಏನಾದರೂ ಹಾಕಿಕೊಳ್ಳಲಿ, ಒಳಗಿನ ಹಾಳೆಗೆ ಲ್ಯಾಮಿನೇಶನ್ ಬೇಡ ಅಂತೇನೆ. ಮಕ್ಕಳ ಪುಸ್ತಕ, ತೊಗರಿ ಬೇಳೆಯ ಗಿಫ್ಟ್ ಡಬ್ಬಿ, ಮಾವಿನ ಡಬ್ಬಿ, ಇಂಥ ಕಡೆ ಬಣ್ಣ ಎದ್ದು ಕಾಣಬೇಕು. ಅಲ್ಲಿ ಮ್ಯಾಟ್ ಹಾಕಿ ಹಳದಿಯನ್ನು ಮಂಕು ಮಾಡೋದು ಯಾವ ಶೋಕಿ? ಕವನ ಸಂಕಲನದ ತಿಳಿಬಣ್ಣದ ರಕ್ಷಾಪುಟಕ್ಕೆ ಮಾಮೂಲಿ ಮ್ಯಾಟ್ ಸಾಕು. ಅದಕ್ಕೆ ಆ್ಯಂಟಿ ಸ್ಕಫ್ ಹಾಕಿಸಿ ದುಡ್ಡು ಕಳೆಯೋದರಲ್ಲಿ ಅರ್ಥವಿಲ್ಲ.

ಕಪ್ಪು, ಕಡುನೀಲಿ, ಕಡುಗೆಂಪು ಸಾಲಿಡ್ ಇದ್ದರೆ ಮಾತ್ರ ಡಿಸೈನ್ ಹಂತದಲ್ಲೇ ಕೂರುತ್ತೇನೆ. ಪ್ಲೇಟ್ ಆದ ಮೇಲೆ ಕೂತು ಪ್ರಯೋಜನವಿಲ್ಲ. ಆ ಬಣ್ಣ ಎಷ್ಟು ಜಾಗ ಹಿಡಿದಿದೆ, ಮಡಿಕೆ ಅದರ ಮೇಲೆ ಬರುತ್ತದಾ, ಇಂಕು ಎಷ್ಟು ಪರ್ಸೆಂಟ್, ಅಲ್ಲಿ ಏನಾದರೂ ಚಿತ್ತಾರ ಹರಡಬಹುದಾ ಅಂತ ನೋಡುತ್ತೇನೆ. ಡಿಸೈನರುಗಳಿಗೆ ಇದು ಇಷ್ಟವಾಗಲ್ಲ. ಸಾದಾ ಬಯಲು ಬಿಟ್ಟರೇ ಚೆಂದ ಅಂತಾರೆ, ಕಂಪ್ಯೂಟರಿನಲ್ಲಿ ಚೆಂದವೇ.

ಸ್ಯಾಂಪಲ್ ಮೇಲೆ ಉಜ್ಜಿ, ಎಣ್ಣೆ ಹಚ್ಚಿ, ಕುಟ್ಟಿ ನೋಡಿ ಅಂದರೆ ಕೆಲವು ಗಿರಾಕಿಗಳು ಗಾಬರಿಯಾಗುತ್ತಾರೆ, ಹೊಸ ಸ್ಯಾಂಪಲ್ ಹಾಳು ಮಾಡೋದಾ ಅಂತ. ಅದಕ್ಕೇ ಈಗ ಎರಡೆರಡು ತುಂಡು ಕಳಿಸುತ್ತೇನೆ, ಒಂದು ನೋಡೋಕೆ, ಒಂದು ಹಾಳು ಮಾಡೋಕೆ.

ಬಿದ್ರಿ ಅಂಗಡಿಯವರು ಮೊನ್ನೆ ತಂದೆಯ ವಿಸಿಟಿಂಗ್ ಕಾರ್ಡು ಮಾಡಿಸಿದರು. ಮಗಳು ಪೆಟ್ಟಿಗೆಗೆ ಹೊಂದುವ ಹಾಗೆ ಕಪ್ಪು ಮ್ಯಾಟ್ ಅಂದರು. ತಂದೆ ಒಪ್ಪಲಿಲ್ಲ. ಎಣ್ಣೆ ಕೈಯಲ್ಲೇ ತೆಗೆದು ಕೊಡೋದು, ಗ್ಲಾಸಿನೇ ಬೇಕು, ಅಂಗಿಗೆ ಒರೆಸಿದರೆ ಆಯಿತು ಅಂದರು. ಬಿಳಿ ಕಾರ್ಡು, ಎರಡೂ ಕಡೆ ಗ್ಲಾಸಿ ಹಾಕಿಸಿ ಕೊಟ್ಟಿದ್ದೇನೆ.